ಏಳು ಮೈಲಿಗೊಮ್ಮೆ ಸಾಯುವ ಕಾರು

"ಅನುಗೊಂಡನಹಳ್ಳಿಗೆ ಈ ದಾರೀಲಿ ಹೋಗ್ಬಹುದೇನಪ್ಪಾ?"

ಎಮ್ಮೆ ಮೇಯಿಸುತ್ತಿದ್ದ ಮುದುಕ ಮೊದಲು ನನ್ನನ್ನು ನೋಡಿದ, ಆಮೇಲೆ ಕಾರನ್ನು ನೋಡಿದ. ಕಾರನ್ನು ನೋಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡ.

"ಓಗ್ಬೋದು ಕಣವ್ವಾ. ಆದ್ರೆ ಗಾಡೀನ ಇಲ್ಲೇ ಬುಟ್ಟು ಓದ್ರೆ ಬಿರ್ನೆ ಓಯ್ತೀಯ."

ಅವನ ಮಾತು ಮುಗಿಯುವ ಮುಂಚೆಯೇ ಕಾರು ಎರಡು ಸಲ ಕೆಮ್ಮಿ, ಒಮ್ಮೆ ನಡುಗಿ, ನಿಂತುಬಿಟ್ಟಿತು. ದಾರಿ ತಪ್ಪಿದ್ದು ಸಾಲದು ಅಂತ.

ಇಂಥವು ನನಗೆ ಆಗುತ್ತಲೇ ಇರುತ್ತವೆ. ಬೇರೆಯವರಾಗಿದ್ದರೆ ಅತ್ತು ಹಗುರಾಗುತ್ತಿದ್ದರೇನೋ. ನಾನು ಅಳುವುದನ್ನೆಲ್ಲ ಬರ್ಮಾದ ದಾರಿಯಲ್ಲೇ ಮುಗಿಸಿಕೊಂಡು ಬಂದವಳು. ನನ್ನ ಯಜಮಾನರು ರಂಗೂನಿನಲ್ಲಿ ದರ್ಜಿ ಅಂಗಡಿ ಇಟ್ಟಿದ್ದರು. ಅದಕ್ಕೂ ಮುಂಚೆ ಕೊಲಂಬೊ, ಅದಕ್ಕೂ ಮುಂಚೆ ಮೊಂಬಾಸ. ಬಾಂಬು ಬಿದ್ದ ವರ್ಷ ಅವರು ಅಲ್ಲೇ ಉಳಿದರು, ಮಣ್ಣಿನಲ್ಲಿ. ನಾನು ಕಾಡು ಬೆಟ್ಟ ಹತ್ತಿಳಿದು ನಡೆದು ಬಂದೆ. ಬಂದ ಮೇಲೆ ಹೊಲಿಗೆ ಯಂತ್ರ ಮಾರುವ, ಹಳ್ಳಿಯ ಹೆಂಗಸರಿಗೆ ಅದನ್ನು ತುಳಿಯಲು ಕಲಿಸುವ ಕೆಲಸ ಹಿಡಿದೆ. ಯುದ್ಧ ಮುಗಿಯಿತು, ನಡೆಯುವುದೂ ಸಾಕು ಅಂತ ಒಂದು ಹಳೇ ಕಾರು ತೆಗೆದುಕೊಂಡೆ. ಕಾರು ತೆಗೆದುಕೊಂಡ ಮೇಲೆ ನಾನು ನಡೆದಷ್ಟು ಬರ್ಮಾದಿಂದ ಬರುವಾಗಲೂ ನಡೆದಿರಲಿಲ್ಲ.

೧. ಸವರಿದರೆ ಏಳುತ್ತದೆ

"ಎಣ್ಣೆ ಐತಾ?" ಅಂದ ಮುದುಕ. ನಮ್ಮ ಕಡೆ ಕಾರು ನಿಂತರೆ ಯಾರೇ ಆಗಲಿ ಮೊದಲು ಕೇಳುವ ಪ್ರಶ್ನೆ ಅದು. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿದ್ದ ಕಾಲ, ಖಾಲಿಯಾಗಿರುವುದೇ ಹೆಚ್ಚು. ನಾನು ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ, ಬಿದಿರು ಕಡ್ಡಿ ಅದ್ದಿ ತೋರಿಸಿದೆ. ಅರ್ಧ ಕಡ್ಡಿ ಒದ್ದೆಯಾಗಿತ್ತು. ಮುಚ್ಚಳ ತೆಗೆಯುವಾಗ ಉಸ್ಸ್ ಅಂತ ಸದ್ದು ಬಂತು.

"ಪಾಪ, ನಿಟ್ಟುಸಿರು ಬುಡ್ತಾ ಐತೆ," ಅಂದ ಮುದುಕ. ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿದ, ಎಮ್ಮೆಯ ಬೆನ್ನು ಸವರುವ ಹಾಗೆ. "ಈಗ ಎಬ್ಬಿಸು."

ಹ್ಯಾಂಡಲ್ ತಿರುಗಿಸಿದೆ. ಎದ್ದಿತು!

"ಇವೆಲ್ಲ ಇಂಗೇಯ. ಬೈದ್ರೆ ಏಳಾಕಿಲ್ಲ. ಸವರ್ಬೇಕು," ಅಂದ.

ಈ ಕಾರು ನಿಲ್ಲದೆ ಓಡಿದರೆ ದೊಡ್ಡಬಳ್ಳಾಪುರದಲ್ಲಿ ಒಬ್ಬನ ಅಂಗಡಿ ಉಳಿಯುತ್ತದೆ, ನಿಂತರೆ ಮುಚ್ಚುತ್ತದೆ ಅನ್ನುವ ಸಂಗತಿ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಒಂದು ತಿಂಗಳು ನಾನು ಹೋದಲ್ಲೆಲ್ಲ ಕಾರನ್ನು ಸವರಿದೆ. ದೇವನಹಳ್ಳಿಯ ಸಂತೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಪಾಪ, ಗಂಡ ಸತ್ತ ಮೇಲೆ ಹಿಂಗಾಗಿದಾಳೆ ಕಣೇ."

೨. ಕಾರಿನ ಮೈ, ಲಾರಿಯ ಎದೆ

ಆ ಒಬ್ಬನ ವಿಷಯ ಹೇಳುತ್ತೇನೆ. ದೊಡ್ಡಬೆಳವಂಗಲದ ಒಕ್ಕಲು ಮನೆಯ ಹುಡುಗ. ಯುದ್ಧದಲ್ಲಿ ಪಟಾಲಮ್ಮಿನ ಜೊತೆ ಹೋಗಿ ಗಾಡಿ ರಿಪೇರಿ ಕಲಿತು ಬಂದವನು. ನೇಗಿಲು ಹಿಡಿಯಲಾರೆ ಅಂತ ದೊಡ್ಡಬಳ್ಳಾಪುರದ ಬಸ್ಸು ನಿಲ್ಲುವ ಜಾಗದ ಪಕ್ಕ ತಗಡಿನ ಸೂರು ಹಾಕಿ ಕುಳಿತಿದ್ದ. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ಕೆಲಸ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ನನ್ನ ಕಾರಿನ ಇಂಜಿನ್ನು ಒಡೆದುಹೋಗಿತ್ತು. ಅದರ ಬಿಡಿಭಾಗ ಈ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ ಅಂತ ಎಲ್ಲರೂ ಕೈಚೆಲ್ಲಿದಾಗ ಅವನೊಬ್ಬ ಹೇಳಿದ: "ಮಿಲಿಟರಿಯವರು ಹರಾಜು ಹಾಕಿರೋ ಲಾರಿ ಇಂಜಿನ್ ಒಂದಿದೆ ಅಮ್ಮಾ. ಕೂರಿಸಿಬಿಡ್ತೀನಿ."

"ಹಿಡಿಸುತ್ತೇನಪ್ಪಾ?"

"ಇಂಜಿನ್ ಹಿಡಿಸುತ್ತೆ. ಬಾನೆಟ್ ಮುಚ್ಚಲ್ಲ."

ಎರಡು ತಿಂಗಳು ದುಡಿದ. ಬಾನೆಟ್ಟನ್ನು ಹಗ್ಗದಿಂದ ಕಟ್ಟಿದ. ಟ್ಯಾಂಕು ಒಂದು ಕಡೆ ಸೋರುತ್ತಿತ್ತು. ಅವನು ಇಂಜಿನ್ನಿನಲ್ಲಿ ಮುಳುಗಿದ್ದನಲ್ಲ, ಅದನ್ನು ನಾನೇ ಮುಚ್ಚಳ ಸಮೇತ ಪೇಟೆಗೆ ಹೊತ್ತುಕೊಂಡು ಹೋಗಿ ಕಲಾಯಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿ ತಂದೆ. ಕಾರು ಹೊರಟ ದಿನ ಊರಿನ ಬಸ್ಸುಗಳ ಮಾಲೀಕರೊಬ್ಬರು ಬಂದು ನೋಡಿದರು. ಯುದ್ಧದ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಓಡಿಸುತ್ತಿದ್ದ ಅವರ ಎರಡು ಬಸ್ಸುಗಳನ್ನು ಮತ್ತೆ ಪೆಟ್ರೋಲಿಗೆ ತಿರುಗಿಸುವ ಕೆಲಸವಿತ್ತು.

"ಈಯಮ್ಮನ ಕಾರು ಒಂದು ತಿಂಗಳು ಮರ್ಯಾದೆಯಾಗಿ ಓಡಲಿ. ಆಮೇಲೆ ನಾನೇ ಕೂತು ನೋಡ್ತೀನಿ. ಓಡಿದ್ರೆ ನನ್ನ ಎರಡು ಬಸ್ಸೂ ನಿಂದೇ," ಅಂದರು.

ಅವನ ಅಂಗಡಿ ಆ ಎರಡು ಬಸ್ಸುಗಳ ಮೇಲೆ ನಿಂತಿತ್ತು. ಎರಡು ಬಸ್ಸುಗಳು ನನ್ನ ಕಾರಿನ ಮೇಲೆ. ನನ್ನ ಕಾರು ಮಾತ್ರ ಏಳು ಮೈಲಿಗೊಮ್ಮೆ ಸುಮ್ಮನೆ ನಿಲ್ಲುತ್ತಿತ್ತು.

೩. ವೈದ್ಯರು

ಇಂಜಿನ್ನಿಗೆ ಪೆಟ್ರೋಲು ಸೇರುತ್ತಿಲ್ಲ, ಅಷ್ಟಂತೂ ಗೊತ್ತಾಯಿತು. ಯಾಕೆ ಅನ್ನುವುದು ಗೊತ್ತಾಗಲಿಲ್ಲ. ಮೇಸ್ತ್ರಿ ಕಾರ್ಬುರೇಟರು ಬಿಚ್ಚಿ ತೊಳೆದ. ಪಂಪಿನೊಳಗಿನ ಚರ್ಮದಂಥ ಪದರ ಬದಲಾಯಿಸಿದ. ಪೆಟ್ರೋಲಿನ ನಳಿಗೆ ಬಿಸಿಯಾಗುತ್ತಿದೆಯೇನೋ ಅಂತ ಅದನ್ನು ಆಚೆ ಸರಿಸಿ ಒದ್ದೆ ಗೋಣಿ ಸುತ್ತಿದ. ಪ್ರತಿ ಸಲ ನಳಿಗೆ ಬಿಚ್ಚಿ ಊದಿ ಕಟ್ಟಿದ ತಕ್ಷಣ ಕಾರು ಹೊರಡುತ್ತಿತ್ತು. ಹಾಗಾಗಿ ಕಳ್ಳ ಪಂಪೇ ಅಂತ ಅವನ ನಂಬಿಕೆ ಗಟ್ಟಿಯಾಯಿತು.

ದಾರಿಯಲ್ಲಿ ನನಗೆ ಬೇರೆ ವೈದ್ಯರು ಸಿಗುತ್ತಿದ್ದರು. ನೆಲಮಂಗಲದ ಹೋಟೆಲಿನವರು ಕೈ ಒರೆಸಿಕೊಂಡು ಹೊರಗೆ ಬಂದು, "ಪೆಟ್ರೋಲ್ ಇದೆಯೇನಮ್ಮಾ?" ಅಂತ ಕೇಳಿ, ನಾನು ಕಡ್ಡಿ ಅದ್ದಿ ತೋರಿಸಿದ ಮೇಲೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಹೊರಟಿತು. ದೇವನಹಳ್ಳಿಯ ಮೇಷ್ಟ್ರು, "ಪೆಟ್ರೋಲ್ ನೋಡಿದಿರಾ?" ಅಂತ ಕೇಳಿ, ತಾವೇ ಮುಚ್ಚಳ ತೆಗೆದು ಮೂಸಿ, ಕಾರನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರು, ಭೂಮಿಯ ಸೆಳೆತಕ್ಕೂ ಕಬ್ಬಿಣಕ್ಕೂ ಏನೋ ಸಂಬಂಧ ಇದೆಯಂತೆ. ಅದಕ್ಕೂ ಹೊರಟಿತು. ಓದಿದವರು, ಓದದವರು, ಎಮ್ಮೆ ಕಾಯುವವರು, ಎಲ್ಲರ ಕೈಗುಣವೂ ಚೆನ್ನಾಗಿತ್ತು. ಕೆಲಸ ಗೊತ್ತಿದ್ದ ಒಬ್ಬನ ಕೈಯಲ್ಲಿ ಮಾತ್ರ ಅದಕ್ಕೆ ಗಂಟೆಗಟ್ಟಲೆ ಬೇಕಾಗುತ್ತಿತ್ತು.

ಒಂದು ದಿನ ಮೇಸ್ತ್ರಿ ತಲೆ ಕೆರೆದುಕೊಂಡು ಹೇಳಿದ: "ಅಮ್ಮಾ, ಟ್ಯಾಂಕ್ ತುಂಬಿದ್ರೆ ಮೂರು ಮೈಲಿಗೆ ನಿಲ್ಲುತ್ತೆ. ಅರ್ಧ ಇದ್ರೆ ಏಳೆಂಟು. ತಳದಲ್ಲಿದ್ರೆ ನಿಲ್ಲೋದೇ ಇಲ್ಲ. ಇದು ಉಲ್ಟಾ ಅಲ್ವಾ?"

"ಉಲ್ಟಾ ಏನು ಬಂತು?" ಅಂದೆ. "ನಮ್ಮ ಅತ್ತೆ ಮನೆಯವರೆಲ್ಲ ಹಾಗೇ. ಹೊಟ್ಟೆ ತುಂಬಿದ ಕೂಡಲೇ ಮಲಗಿಬಿಡ್ತಿದ್ರು."

ಅವನು ನಗಲಿಲ್ಲ. ಉತ್ತರ ಅವನ ಕೈಯಳತೆಯಲ್ಲಿತ್ತು. ನಾನು ತಮಾಷೆ ಮಾಡಿ ಆಚೆ ತಳ್ಳಿದೆ.

೪. ಮಾಲೀಕರ ಸವಾರಿ

ತಿಂಗಳಾಯಿತು. ಬಸ್ಸಿನ ಮಾಲೀಕರು ಜರಿ ಪೇಟ ಕಟ್ಟಿಕೊಂಡು ಬಂದರು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗಿ ಬರುವುದು ಅಂತ ತೀರ್ಮಾನ. ಮೇಸ್ತ್ರಿ ಲೆಕ್ಕ ಹಾಕಿ ಟ್ಯಾಂಕಿನ ತಳ ಮುಚ್ಚುವಷ್ಟು ಪೆಟ್ರೋಲು ಇಟ್ಟಿದ್ದ. ಮಾಲೀಕರು ಕಡ್ಡಿ ನೋಡಿ, "ಇಷ್ಟೇನಾ? ಆಮೇಲೆ ಪೆಟ್ರೋಲ್ ಸಾಲದೆ ನಿಂತಿತು ಅಂತ ನೆವ ಹೇಳೋಕಾ?" ಅಂದವರೇ ತಮ್ಮ ಡಬ್ಬಗಳನ್ನು ತರಿಸಿ, ಕಂಠಪೂರ್ತಿ ತುಂಬಿಸಿ, ಮುಚ್ಚಳವನ್ನು ಸ್ವತಃ ಬಿಗಿದರು.

ಮೇಸ್ತ್ರಿಯ ಮುಖ ಬೂದಿಯಾಯಿತು. ಕಡಿಮೆ ಹಾಕಿ ಸ್ವಾಮೀ ಅಂತ ಬೇಡಿಕೊಳ್ಳುವ ಮೇಸ್ತ್ರಿಯನ್ನು ಯಾರು ನಂಬುತ್ತಾರೆ?

ಮೂರನೇ ಮೈಲಿಕಲ್ಲಿನ ಹತ್ತಿರ ಕೆಮ್ಮಿತು, ನಡುಗಿತು, ನಿಂತಿತು. ಅವತ್ತು ಯಾರೂ "ಪೆಟ್ರೋಲ್ ಇದೆಯಾ" ಅಂತ ಕೇಳಲಿಲ್ಲ. ತುಂಬಿಸಿದವರೇ ಒಳಗೆ ಕುಳಿತಿದ್ದರಲ್ಲ! ಮೇಸ್ತ್ರಿ ಟವಲ್ ಹಾಸಿ, ಪಂಪು ಬಿಚ್ಚಿ, ತಿರುಪುಗಳನ್ನು ಸಾಲಾಗಿ ಜೋಡಿಸಿಟ್ಟ. ಬಿಸಿಲಿಗೆ ಮಾಲೀಕರ ಪೇಟ ಸಡಿಲವಾಯಿತು. ಕೊನೆಗೆ ಅವರು ಎದುರಿಗೆ ಬಂದ ಗೊಬ್ಬರದ ಗಾಡಿ ಹತ್ತಿ ಊರಿಗೆ ವಾಪಸ್ಸು ಹೋದರು. ಗಾಡಿಯ ಮೇಲೆ ಜರಿ ಪೇಟ ಹೊಳೆಯುತ್ತಾ ಹೋಗುವುದನ್ನು ನಾವಿಬ್ಬರೂ ಮರೆಯಾಗುವವರೆಗೆ ನೋಡಿದೆವು.

ನಾವು ಹಿಂದಿರುಗಿದಾಗ ಬಸ್ಸು ನಿಲ್ಲುವ ಜಾಗದಲ್ಲಿ ಊರಿಗೆ ಊರೇ ಕಾದಿತ್ತು. ನನಗೆ ನಾಚಿಕೆ, ಸಿಟ್ಟು, ಹಸಿವು. ಎಲ್ಲರ ಮುಂದೆ ಕೂಗಿದೆ: "ಏನಪ್ಪಾ ಮೇಸ್ತ್ರಿ, ಯುದ್ಧದಲ್ಲಿ ಗಾಡಿ ರಿಪೇರಿ ಮಾಡ್ತಿದ್ದೆ ಅಂದ್ಯಲ್ಲ, ಯಾವ ಕಡೆಯವರ ಗಾಡಿ? ಆ ಯುದ್ಧ ಅಷ್ಟು ವರ್ಷ ಯಾಕೆ ಎಳೀತು ಅಂತ ಇವತ್ತು ಗೊತ್ತಾಯ್ತು!"

ಜನ ಬಿದ್ದು ಬಿದ್ದು ನಕ್ಕರು. ನನ್ನ ಜೀವಮಾನದಲ್ಲಿ ನಾನು ಹೇಳಿದ ಒಳ್ಳೆಯ ಹಾಸ್ಯ ಅದೇ ಇರಬೇಕು. ನಾಲ್ಕನೆಯ ದಿನ ಮೇಸ್ತ್ರಿ ತಗಡಿನ ಬಾಗಿಲು ಎಳೆದು ಊರಿಗೆ ಹೊರಟುಹೋದ.

೫. ತೀರಿಕೊಂಡವರ ಹಟ

ಮೇಸ್ತ್ರಿ ಹೋದ ಮೇಲೆ ಕಾರು ನೋಡುವವರಿಲ್ಲ. ಕಡ್ಡಿ ಅದ್ದಿ, ಸವರಿ, ಉತ್ತರಕ್ಕೆ ತಿರುಗಿಸಿ, ನಿಂಬೆಹಣ್ಣು ಇಟ್ಟು, ಹೇಗೋ ಓಡಿಸುತ್ತಿದ್ದೆ.

ದೇವನಹಳ್ಳಿಯಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಒಬ್ಬಳ ತಂದೆ ಇಬ್ಬರು ಗಂಡುಮಕ್ಕಳ ಜೊತೆ ಮಗಳನ್ನು ನೋಡಲು ಬಂದವರು ಅಲ್ಲೇ ತೀರಿಕೊಂಡರು. ಊರು ಅನುಗೊಂಡನಹಳ್ಳಿಯ ಹತ್ತಿರ. ಸಂಜೆಯೊಳಗೆ ಅವರ ಹೊಲದಲ್ಲೇ ಮಣ್ಣು ಮಾಡಬೇಕು. ಬೇರೆ ಗಾಡಿ ಸಿಗಲಿಲ್ಲ. ಅಳಿಯ ಯಾರ್‍ಯಾರದೋ ಕಾಲು ಹಿಡಿದು ಟ್ಯಾಂಕು ತುಂಬುವಷ್ಟು ಪೆಟ್ರೋಲು ತಂದ. ಹಿಂದಿನ ಸೀಟಿನಲ್ಲಿ ತೀರಿಕೊಂಡ ಯಜಮಾನರನ್ನು ಕೂರಿಸಿ, ಟವಲಿನಿಂದ ಸೀಟಿಗೆ ಕಟ್ಟಿ, ಆ ಪಕ್ಕ ಹಿರಿಮಗ, ಈ ಪಕ್ಕ ಕಿರಿಮಗ ಕುಳಿತರು. ಮುಂದೆ ನನ್ನ ಪಕ್ಕ ಮಗಳು.

ಮೂರು ಮೈಲಿಗೆ ನಿಂತಿತು.

ನಾನು ಕಡ್ಡಿ ತೆಗೆದುಕೊಂಡು ಹಿಂದಕ್ಕೆ ಹೋದೆ. ಒಳಗೆ ಕಿರಿಮಗ ಹೇಳುತ್ತಿದ್ದ: "ಅಣ್ಣಾ, ಅಪ್ಪಂಗೆ ಬರೋಕೆ ಮನಸ್ಸಿಲ್ಲ. ನೀನು ಹುಣಸೇಮರ ಕಡೀತೀನಿ ಅಂದಿದ್ದೆ ನೋಡು."

ಹಿರಿಮಗ ಗಾಬರಿಯಿಂದ ತಂದೆಯ ಕಿವಿಯಲ್ಲಿ, "ಕಡಿಯಲ್ಲ ಕಣಪ್ಪಾ, ನಿನ್ನಾಣೆ," ಅಂದ. ನಾನು ಮುಚ್ಚಳ ಬಿಗಿದು ಹ್ಯಾಂಡಲ್ ತಿರುಗಿಸಿದೆ. ಹೊರಟಿತು.

ಕಿರಿಮಗ ಅಪ್ಪನಿಗೆ ಕಟ್ಟಿದ್ದ ಟವಲನ್ನು ಮರ್ಯಾದೆಯಿಂದ ಸರಿಮಾಡಿದ.

ಮತ್ತೆ ನಾಲ್ಕು ಮೈಲಿ. ನಿಂತಿತು. ಈ ಸಲ ಹಿರಿಮಗ ಯಾರೂ ಕೇಳುವ ಮುಂಚೆಯೇ, "ಮಾವಿನ ತೋಪು ತಮ್ಮನಿಗೆ ಅರ್ಧ ಕೊಡ್ತೀನಪ್ಪಾ," ಅಂದ. ನಾನು ಅಷ್ಟರಲ್ಲಿ ಕಡ್ಡಿ ಅದ್ದಿ ಬಂದಿದ್ದೆ. ಹೊರಟಿತು. ಇನ್ನೈದು ಮೈಲಿ ಆದಮೇಲೆ, ಅಮ್ಮನ ವಾಲೆ ತಂಗಿಗೆ ಅಂತಾಯಿತು. ಅದಕ್ಕೂ ಹೊರಟಿತು. ಒಂದೊಂದು ಮಾತು ಕೊಟ್ಟಂತೆಲ್ಲ ಯಜಮಾನರು ಹೆಚ್ಚು ಹೆಚ್ಚು ದೂರ ಒಪ್ಪುತ್ತಾ ಬಂದರು. ಸುಳ್ಳು ಯಾಕೆ, ಹೊಸಕೋಟೆ ಬರುವ ಹೊತ್ತಿಗೆ ನನಗೂ ಅರ್ಧ ನಂಬಿಕೆ ಬಂದಿತ್ತು.

ಹೊಸಕೋಟೆ ದಾಟಿದ ಮೇಲೆ ನಿಲ್ಲಲೇ ಇಲ್ಲ. ಹಿರಿಮಗ ಬೆವರು ಒರೆಸಿಕೊಂಡು ಕಣ್ಣು ಮುಚ್ಚಿದ. ಊರಿನ ಮರಗಳು ಕಾಣತೊಡಗಿದಾಗ ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದಳು:

"ಅಕ್ಕಾ, ಇನ್ನೊಂದೇ ಒಂದು ಸಲ ನಿಲ್ಸಕ್ಕಾಗಲ್ವಾ? ಬಾವಿ ವಿಷಯ ಉಳ್ಕೊಂಡಿದೆ."

೬. ತೂತಿಲ್ಲದ ಅಂಗಡಿ

ಈ ಕಥೆ ನನಗಿಂತ ವೇಗವಾಗಿ ಊರೂರು ಸುತ್ತಿತು. ಆ ಲಾರಿ ಇಂಜಿನ್ನಿನಲ್ಲಿ ಸತ್ತ ಸಿಪಾಯಿಯೊಬ್ಬ ಇದ್ದಾನೆ, ಅವನನ್ನು ಕೂರಿಸಿದವನು ದೊಡ್ಡಬೆಳವಂಗಲದ ಮೇಸ್ತ್ರಿ ಅಂತಾಯಿತು. ಅವನಿಗೆ ಬಾವಿಯ ಪಂಪು ಬಿಚ್ಚಲೂ ಯಾರೂ ಕರೆಯುತ್ತಿಲ್ಲ ಅಂತ ಕೇಳಿದೆ. ಕೇಳಿ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲದ ಕೆಲಸ; ನಿದ್ದೆ ಬರುತ್ತಿರಲಿಲ್ಲ.

ಹೀಗಿರುವಾಗ ಎರಡು ತಪ್ಪಲೆಗೆ ಕಲಾಯಿ ಹಾಕಿಸಲು ಅದೇ ಹಳೇ ಅಂಗಡಿಗೆ ಹೋದೆ. ಕಲಾಯಿ ಸಾಬರು ತಿದಿ ಒತ್ತುತ್ತಾ ಕೇಳಿದರು: "ಆ ಟ್ಯಾಂಕು ಸೋರ್ತಾ ಇಲ್ಲ ತಾನೇ ಅಮ್ಮಾ?"

"ಇಲ್ಲ ಸಾಬ್ರೇ. ಒಂದು ಹನಿ ಇಲ್ಲ."

"ಸೋರೋದಿಲ್ಲ. ಮುಚ್ಚಳದಲ್ಲೂ ಒಂದು ಸಣ್ಣ ತೂತಿತ್ತು. ನೀವು ನೋಡಿರ್ಲಿಲ್ಲ. ಅದನ್ನೂ ಮುಚ್ಚಿಬಿಟ್ಟೆ. ಅದಕ್ಕೆ ದುಡ್ಡು ಹಿಡೀಲಿಲ್ಲ."

ನಾನು ಅಲ್ಲೇ ತಪ್ಪಲೆಯ ಮೇಲೆ ಕುಳಿತುಬಿಟ್ಟೆ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬರುವುದಿಲ್ಲ. ಗಾಳಿ ಹೋಗಲು ಎದುರಿಗೆ ಇನ್ನೊಂದು ಹೊಡೆಯಬೇಕು. ಇದು ಒಲೆಯ ಮುಂದೆ ನಿಂತ ಎಲ್ಲ ಹೆಂಗಸರಿಗೂ ಗೊತ್ತು. ಮುಚ್ಚಳದ ಆ ತೂತಿನಿಂದ ಟ್ಯಾಂಕಿಗೆ ಗಾಳಿ ಹೋಗಬೇಕಿತ್ತು. ಗಾಳಿ ಹೋಗದೆ ಪೆಟ್ರೋಲು ಬಾರದು. ತುಂಬಿದ ಟ್ಯಾಂಕಿನಲ್ಲಿ ಗಾಳಿ ಕಡಿಮೆ, ಬೇಗ ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ಉಸಿರೆಳೆದುಕೊಂಡು ಹೊರಡುತ್ತಿತ್ತು. ಮೇಸ್ತ್ರಿ ಪಂಪಿನ ನಳಿಗೆ ಬಿಚ್ಚಿದಾಗಲೂ ಆ ದಾರಿಯಲ್ಲಿ ಅದೇ ಗಾಳಿ. ಎಮ್ಮೆ ಮುದುಕ, ಹೋಟೆಲಿನವರು, ಮೇಷ್ಟ್ರು, ಹಿಂದಿನ ಸೀಟಿನ ಯಜಮಾನರು, ಇವರೆಲ್ಲರ ಮಹಿಮೆಯೂ ನನ್ನ ಬಿದಿರು ಕಡ್ಡಿಯದು.

ಓಡಿಹೋಗಿ ಮುಚ್ಚಳ ತಂದೆ. "ಸಾಬ್ರೇ, ಆ ತೂತನ್ನ ಮತ್ತೆ ಮಾಡಿಕೊಡಿ."

ಸಾಬರು ಮುಚ್ಚಳವನ್ನು ಕೈಯಲ್ಲಿ ಮುಟ್ಟಲೂ ಇಲ್ಲ. "ಅದೊಂದು ಕೇಳಬೇಡಿ ಅಮ್ಮಾ. ಇಲ್ಲಿಂದ ಹೋಗೋ ಪಾತ್ರೆಗೆ ನೀರು ತುಂಬಿ, ಬೋರಲು ಹಿಡಿದು, ಒಂದು ಹನಿ ಬೀಳಲಿಲ್ಲ ಅಂದ್ರೇನೇ ಕೊಡೋದು. ನಮ್ಮ ತಾತನ ಕಾಲದಿಂದ ಈ ಅಂಗಡಿಯಿಂದ ತೂತಿರೋ ಸಾಮಾನು ಹೊರಗೆ ಹೋಗಿಲ್ಲ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಮೊಳೆ, ಸುತ್ತಿಗೆ ಕೊಟ್ಟು, "ರಸ್ತೆ ಆಚೆಗೆ ಹೋಗಿ ಹೊಡ್ಕೊಳ್ಳಿ. ನಾನು ಈ ಕಡೆ ತಿರುಗಿ ಕೂತಿರ್ತೀನಿ," ಅಂದರು.

೭. ಬಸ್ಸು ನಿಲ್ಲುವ ಜಾಗ

ದೊಡ್ಡಬೆಳವಂಗಲದವರೆಗೆ ಕಾರು ಒಮ್ಮೆಯೂ ನಿಲ್ಲಲಿಲ್ಲ. ಇವತ್ತಾದರೂ ನಿಲ್ಲಬಾರದಾ ಅಂತ ನನಗೆ ಅನ್ನಿಸಿತು. ಅವನಿಗೆ ಏನು ಹೇಳಬೇಕು ಅಂತ ಇನ್ನೂ ಜೋಡಿಸಿಕೊಂಡಿರಲಿಲ್ಲ.

ಮೇಸ್ತ್ರಿ ರಾಗಿ ಹೊಲದಲ್ಲಿದ್ದ. ಅವನು ಕುಂಟೆ ಹೊಡೆದ ಸಾಲುಗಳು ಹಾವು ಹರಿದ ಹಾಗಿದ್ದವು. ಎಲ್ಲ ಹೇಳಿದೆ.

"ಮುಚ್ಚಳಾನಾ?"

"ಮುಚ್ಚಳ ಕಣಪ್ಪಾ. ಹೊತ್ಕೊಂಡು ಹೋಗಿ ಮುಚ್ಚಿಸಿಕೊಂಡು ಬಂದೋಳು ನಾನೇ."

"ಗಾಡಿ ನಿಂತಾಗ ನಾನೊಬ್ಬ ಮುಚ್ಚಳ ತೆಗೀಲೇ ಇಲ್ಲ," ಅಂದ. "ಪೆಟ್ರೋಲ್ ನಾನೇ ಹಾಕಿದ್ದು, ನೋಡೋದೇನಿದೆ ಅಂತ."

"ಅವತ್ತು ಎಲ್ಲರ ಮುಂದೆ ನಿನ್ನನ್ನ ಅಂದೆ. ಅದನ್ನ ಇಲ್ಲಿ ಹೊಲದಲ್ಲಿ ತೀರಿಸೋಕಾಗಲ್ಲ. ಅದೇ ಜಾಗಕ್ಕೆ ಬಾ. ಆದದ್ದನ್ನ ನಾನು ಕೂಗಿ ಹೇಳ್ತೀನಿ. ಆಮೇಲೆ ನೀನು ನನ್ನನ್ನ ಬೈಯಬೇಕು, ಅಷ್ಟೂ ಜನರ ಮುಂದೆ."

ಅವನು ನೆಲ ನೋಡಿದ. "ಹೆಂಗಸರನ್ನ ಬೈಯೋಕೆ ನಂಗೆ ಬರಲ್ಲ ಅಮ್ಮಾ."

ಆಚೆ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಎದ್ದು ಬಂದಳು. ಅವನ ತಾಯಿ. ಕೈಯ ಮಣ್ಣು ಕೊಡವಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅವ್ನಿಗೆ ಬರಾಕಿಲ್ಲ. ನಂಗ್ ಬತ್ತದೆ. ಸೀರೆ ಉಟ್ಕಂಡ್ ಬತ್ತೀನಿ ಇರು."

ಮಧ್ಯಾಹ್ನದ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ದೊಡ್ಡಬಳ್ಳಾಪುರ ಸೇರಿದೆವು. ನಾನು ಬೀಗ ಹಾಕಿದ ಅಂಗಡಿಯ ಮುಂದೆ ನಿಂತು ಮುಚ್ಚಳ ಎತ್ತಿ ಹಿಡಿದು, ತಪ್ಪು ನನ್ನದು, ಮೇಸ್ತ್ರಿಯ ಕೆಲಸದಲ್ಲಿ ಎಳ್ಳಷ್ಟೂ ಐಬಿಲ್ಲ ಅಂತ ಕೂಗಿ ಹೇಳಿದೆ. ಜನ ಸೇರಿದರು. ತಾಯಿ ಅಂಗಡಿಯ ಮೆಟ್ಟಿಲು ಹತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನೇ ದೇಶ ಸುತ್ತಿದೋಳೇ! ಸಮುದ್ರ ನೋಡಿದ್ಯಂತೆ, ಅಡಗು ನೋಡಿದ್ಯಂತೆ, ಅಂಗೈಯಗ್ಲ ಮುಚ್ಚಳ ನೋಡ್ನಿಲ್ವೇನೇ? ನಿನ್ ಕಣ್ಣು ಸೇದೋಗಾ! ನನ್ ಮಗ ಎಲ್ಡ್ ತಿಂಗ್ಳು ಆ ನಿನ್ ಗುಜ್ರಿ ಕೆಳ್ಗೆ ಮನೀಕಂಡಿದ್ನಲ್ಲೇ, ಕಟ್ಕಂಡ್ ಎಂಡ್ತಿ ಜೊತೆ ಅಷ್ಟ್ ದಿನ ಮನ್ಗಿಲ್ಲ ಅವ್ನು! ಮನೆಮನೆಗೆ ಒಲ್ಗೆ ಮಿಸನ್ನು ಮಾರ್ತೀಯಲ್ಲ, ನಿನ್ ಬಾಯ್ಗೆ ನಾಕು ಒಲ್ಗೆ ಆಕ್ಕಳಾಕೆ ಒಂದಾರ ಉಳ್ಕಂಡಿಲ್ವೇನೇ?"

ಮೇಸ್ತ್ರಿ ಕಾರಿನ ಹಿಂದೆ ಬಚ್ಚಿಟ್ಟುಕೊಂಡ. ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನು ಮರೆತ. ಒಳಗಿದ್ದವರೆಲ್ಲ ಕಿಟಕಿಗೆ ಬಂದರು. ಒಂದು ಸಲ ಆಕೆಗೆ ಗಂಟಲು ಒಣಗಿತು. ನಾನೇ ಚೊಂಬಿನಲ್ಲಿ ನೀರು ಕೊಟ್ಟೆ. ಕುಡಿದು, ಚೊಂಬು ವಾಪಸ್ಸು ಕೊಟ್ಟು, ಬಿಟ್ಟಲ್ಲಿಂದ ಶುರು ಮಾಡಿದಳು.

ಬಸ್ಸಿನ ಮಾಲೀಕರು ಗುಂಪಿನ ಹಿಂದಿನಿಂದ ನಿಧಾನವಾಗಿ ಜಾರುತ್ತಿದ್ದರು.

"ಎಲ್ಲಿಗೋಯ್ತೀಯಪ್ಪಾ ಸಾವ್ಕಾರ? ನಿಂತ್ಕೋ. ಇವ್ಳುದ್ ಮುಗೀಲಿ, ನಿಂದ್ ಸುರು ಮಾಡ್ತೀನಿ."

"ನಂದ್ಯಾಕಮ್ಮಾ? ನಾಳೆ ಒಂದು ಬಸ್ ಕಳಿಸ್ತೀನಿ ಬಿಡು," ಅಂದರು ಮಾಲೀಕರು.

"ಎಲ್ಡು ಅಂದಿದ್ದೆ."

"ಇನ್ನೊಂದನ್ನ ಬೆಂಗಳೂರಿನವರಿಗೆ ಕೊಟ್ಟುಬಿಟ್ಟಿದೀನಿ ಕಣಮ್ಮಾ." ಅದು ನಿಜವೇ ಆಗಿತ್ತು. ಮೇಸ್ತ್ರಿಗೆ ಸಿಕ್ಕಿದ್ದು ಕೊನೆಗೂ ಒಂದೇ ಬಸ್ಸು. ಅದೂ ಹೆಚ್ಚು ಹಳೆಯದು. ಆದರೂ ಅವನು ಕಾರಿನ ಹಿಂದಿನಿಂದ ಬಂದು, ಯಾರ ಮುಖವನ್ನೂ ನೋಡದೆ, ಅಂಗಡಿಯ ಬೀಗ ತೆಗೆದ. ತಗಡಿನ ಬಾಗಿಲು ಕಿರ್‍ರೆಂದಿತು.

ತಾಯಿ ನನ್ನ ಕಡೆ ತಿರುಗಿ ಇನ್ನೂ ಒಂದಷ್ಟು ಹೊತ್ತು ಬೈದಳು. ನಾನು ಕೈಕಟ್ಟಿಕೊಂಡು ನಿಂತು ಒಂದೊಂದು ಮಾತನ್ನೂ ತೆಗೆದುಕೊಂಡೆ. ಗಂಡ ಹೋದ ಮೇಲೆ ನನ್ನನ್ನು ಅಷ್ಟು ಗಮನವಿಟ್ಟು ಬೈದವರು ಯಾರೂ ಇರಲಿಲ್ಲ. ಆಮೇಲೆ ಆಕೆ ಮೆಟ್ಟಿಲಿಳಿದು, ಸೆರಗು ಬಿಚ್ಚಿ ಮುಖ ಒರೆಸಿಕೊಂಡು, ಬೇರೆಯೇ ದನಿಯಲ್ಲಿ ಹೇಳಿದಳು:

"ಆಯ್ತು. ತೀರ್‍ತು. ಉಂಡಿದ್ಯೇನವ್ವಾ?"

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಅಂದೆ.

ಅದಕ್ಕೂ ಬೈದಳು. ಅದು ಮಾತ್ರ ನನ್ನ ಸಾಲದಲ್ಲಿ ಸೇರಿರಲಿಲ್ಲ.